ಹತ್ತು ಸಲ ಉರುಳಿಸಬೇಕಾದ ದುಡ್ಡು

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವವನಲ್ಲ ನನ್ನ ರೂಮಿನ ಗೆಳೆಯ. ಉಡುಪಿ ಕಡೆಯ ಕ್ಯಾಥೊಲಿಕ್. ಸೌದಿಯ ಖಮೀಸ್ ಮುಶೈತಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದ. ನಾನು ಮೈಸೂರಿನವನು, ಒಂದು ಕಂಪನಿಯ ಲೆಕ್ಕ ಬರೆಯುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು.

ಅವನ ತಂಗಿಗೆ ಮದುವೆ ಗೊತ್ತಾಯಿತು. ಅವರಲ್ಲಿ ಮದುವೆಯ ಹಿಂದಿನ ದಿನ ರೋಸ್ ಎಂಬ ಶಾಸ್ತ್ರ: ಮದುಮಗಳನ್ನು ಕೂರಿಸಿ ತಲೆಗೆ ತೆಂಗಿನ ಹಾಲು ಹಚ್ಚಿ ಹಾಡುತ್ತಾರೆ. ಮೊದಲ ಕೈ ಅಪ್ಪನದು. ಅಪ್ಪ ತೀರಿಹೋಗಿದ್ದರಿಂದ ಆ ಕೈ ಇವನದಾಗಬೇಕಿತ್ತು. ಅವನ ವೀಸಾ ಹಿಡಿದಿದ್ದ ಅರಬ್ ಧಣಿ, ಕಫೀಲ್, ರಜೆ ಕೊಟ್ಟ, ಟಿಕೆಟ್ ಮಾತ್ರ ನಿನ್ನದೇ ಎಂದ. ಟಿಕೆಟ್ಟಿಗೆ ಕೂಡಿಟ್ಟಿದ್ದ, ಆದರೆ ತಂಗಿಗೆ ಮಾತು ಕೊಟ್ಟ ಚಿನ್ನದ ಸರಕ್ಕೆ ಏನೂ ಉಳಿದಿರಲಿಲ್ಲ.

ಅಂಗಡಿಯ ಕಂಪ್ಯೂಟರಿನಿಂದ ಬಹರೈನಿನ ನಂಬರಿಗೆ ಫೋನ್ ಹಚ್ಚಿದರೆ ಇಂಟರ್‌ನೆಟ್ ಸಿಗುತ್ತಿತ್ತು. ಅಲ್ಲೊಂದು ಬೆಟ್ಟಿಂಗ್ ಸೈಟು. ಐನೂರು ಡಾಲರ್ ಹಾಕಿದರೆ ಇನ್ನೈನೂರು ಬೋನಸ್. ಟಿಕೆಟ್ಟಿನ ದುಡ್ಡು ಹಾಕಿದ. ಪರದೆಯ ಮೇಲೆ ಸಾವಿರ ಬಂತು. ನನಗೆ ಹೇಳಿದ್ದು ಆಮೇಲೆ. ಸಿಕ್ಕಿಬಿದ್ದರೆ ಜೈಲು ಕಣಯ್ಯ ಎಂದು ಬೈದೆ. ಬೈದು, ಸೈಟಿನ ಷರತ್ತನ್ನು ಓದಿದೆ. ಸಾವಿರವನ್ನು ಹತ್ತು ಸಲ ಉರುಳಿಸಬೇಕು, ಅಂದರೆ ಒಟ್ಟು ಹತ್ತು ಸಾವಿರ ಡಾಲರಿನ ಬಾಜಿ ಕಟ್ಟಿದ ಮೇಲೆಯೇ ದುಡ್ಡು ಕೈಗೆ. ಅಲ್ಲಿಯವರೆಗೆ ಅವನು ಹಾಕಿದ ಐನೂರೂ ಅವರದೇ.

"ಅದು ನನಗೆ ಗೊತ್ತುಂಟು ಮಾರಾಯ," ಎಂದ. "ನಾನು ಪ್ರತಿ ಮ್ಯಾಚಿಗೂ ಎರಡೂ ಕಡೆಗೆ ಕಟ್ಟಿದ್ದೇನೆ. ಯಾರು ಗೆದ್ರೂ ನಮ್ಮದು ಹೋಗುದಿಲ್ಲ, ಲೆಕ್ಕ ಮಾತ್ರ ಉರುಳ್ತದೆ. ಟಿಕೆಟಿನ ದುಡ್ಡಲ್ವಾ, ಜೂಜು ಆಡ್ಲಿಕ್ಕಾಗ್ತದಾ?"

ಪಾಪದವನು. ಜೂಜಿನ ಮನೆಗೆ ಹೋಗಿ ಜೂಜಾಡದೆ ಬರಲು ನೋಡಿದ್ದ. ಒಂದೇ ಪಂದ್ಯದ ಎರಡೂ ತಂಡಗಳಿಗೆ ಕಟ್ಟಿದ್ದು ಲೆಕ್ಕಕ್ಕಿಲ್ಲ ಎಂದು ಷರತ್ತಿನ ಕೊನೆಯಲ್ಲಿತ್ತು. ಅಂಗಡಿಯವನು ತನ್ನ ಬಲಗೈಯಿಂದ ಎಡಗೈಗೆ ಮಾರಿದರೆ ವ್ಯಾಪಾರವಾಯಿತೇ ಎಂದು ಬಿಡಿಸಿ ಹೇಳಿದೆ. ಅವನು ತುಂಬ ಹೊತ್ತು ಪರದೆ ನೋಡಿದ. ಸೈಟಿನವರ ಕಮಿಷನ್ನು ಕಳೆದು ಒಂಬೈನೂರರ ಮೇಲೆಯೇ ಇತ್ತು. ಉರುಳಿದ್ದು ಸೊನ್ನೆ.

"ಕಾಣ್ತದಲ್ಲ ಮಾರಾಯ, ಅಲ್ಲೇ ಉಂಟಲ್ಲ," ಎಂದ.

ಸಾಲ ಎತ್ತಲು ನೋಡಿದೆವು. ಗೊತ್ತಿದ್ದವರೆಲ್ಲ ಆ ತಿಂಗಳ ಡ್ರಾಫ್ಟನ್ನು ಊರಿಗೆ ಕಳಿಸಿಯಾಗಿತ್ತು. ಮದುವೆ ಯಾರಿಗೂ ಕಾಯುವುದಿಲ್ಲ.

ರೋಸಿನ ಸಂಜೆ ಟೆಲಿಫೋನ್ ಕ್ಯಾಬಿನ್ನಿನಿಂದ ಮನೆಗೆ ಮಾತಾಡಿದ. ಹೆಂಗಸರ ಹಾಡು ಹೊರಗೆ ನಿಂತ ನನಗೂ ಸಣ್ಣಗೆ ಕೇಳುತ್ತಿತ್ತು. ಮೊದಲ ಕೈ ಚಿಕ್ಕಪ್ಪ ಹಾಕಿದರಂತೆ. ತಂಗಿ ಕೂರಲು ಒಪ್ಪದೆ ಬಹಳ ಹೊತ್ತು ಬಾಗಿಲು ನೋಡಿದಳಂತೆ. ರಜೆ ಸಿಕ್ಕಿದ ಸುದ್ದಿ ಅವಳಿಗೆ ಮುಟ್ಟಿತ್ತು. ಬರುವುದಿಲ್ಲವೆಂದು ತಿಳಿಸಲು ಇವನಿಗೆ ಬಾಯಿ ಬಂದಿರಲಿಲ್ಲ.

ರೂಮಿಗೆ ಬಂದು, ಮೀನಿನ ಸಾರಿಗೆಂದು ಇಟ್ಟಿದ್ದ ತೆಂಗಿನ ಹಾಲಿನ ಪುಡಿಯ ಡಬ್ಬಿ ತೆರೆದ. ಬಿಸಿನೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿದ.

"ನಿನ್ನ ತಲೆ ಸ್ವಲ್ಪ ಕೊಡ್ತೀಯಾ ಮಾರಾಯ?"

ನಾನು ಸಿಡುಕಿನವನು, ಮೈ ಮುಟ್ಟಿಸಿಕೊಳ್ಳುವವನಲ್ಲ. ಆದರೂ ಬಚ್ಚಲಿನ ಸ್ಟೂಲಿನ ಮೇಲೆ ಕೂತೆ. ಹಾಲು ಉಗುರುಬೆಚ್ಚಗಿತ್ತು. ಅವನು ಹಚ್ಚುತ್ತಾ ಕೊಂಕಣಿಯಲ್ಲಿ ಮಾತಾಡತೊಡಗಿದ. ನನಗೆ ಕೊಂಕಣಿ ಬಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಮಾತು ಮುಗಿಯುವವರೆಗೂ ನಾನು ಕಣ್ಣು ತೆರೆಯಲಿಲ್ಲ.