ಅಕ್ಕೋರನ್ನು ಹೊಡೆಯುವವರು ಬೇಕಾಗಿದ್ದಾರೆ

ನನಗೆ ಹೊಡೆದಾಟ ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಐವತ್ತಕ್ಕೆ ಎರಡೇ ವರ್ಷ ಬಾಕಿ ಇರುವ, ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ, ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಳ್ಳುವ ಹೆಂಗಸು ಹೀಗೆ ಹೇಳಿದರೆ ನಿಮಗೆ ನಗು ಬರುತ್ತದೆ ಎಂದು ಗೊತ್ತು. ನಗಿರಿ, ಅಡ್ಡಿಯಿಲ್ಲ. ನಾನು ಹೇಳುತ್ತಿರುವುದು ಟಿವಿ ಪರದೆಯ ಮೇಲೆ ಆಡುವ ಹೊಡೆದಾಟದ ಆಟದ ಬಗ್ಗೆ. ಇಬ್ಬರು ಎದುರುಬದುರು ನಿಲ್ಲುತ್ತಾರೆ. ಇಬ್ಬರ ಹೆಸರಿನ ಕೆಳಗೂ ಒಂದೊಂದು ಹಳದಿ ಪಟ್ಟಿ. ಏಟು ಬಿದ್ದಂತೆಲ್ಲ ಪಟ್ಟಿ ಸಣ್ಣದಾಗುತ್ತದೆ, ಯಾರದು ಮೊದಲು ಮುಗಿಯುತ್ತದೋ ಅವರು ಬಿದ್ದರು. ಮೂರು ಸುತ್ತಿನಲ್ಲಿ ಎರಡು ಗೆದ್ದವರದ್ದು ಆಟ. ಇಷ್ಟೇ ನಿಯಮ. ನಮ್ಮ ಸ್ಟಾಫ್ ರೂಮಿನ ನಿಯಮಗಳು ಇದಕ್ಕಿಂತ ಕಠಿಣ.

ಚಟ ಅಂಟಿಸಿದವಳು ನನ್ನ ಮಗಳು. ಕೃಷಿ ಓದಲು ಧಾರವಾಡಕ್ಕೆ ಹೋಗುವಾಗ ತನ್ನ ಆಟದ ಪೆಟ್ಟಿಗೆಯನ್ನು ಟಿವಿ ಕೆಳಗೆ ಬಿಟ್ಟು, "ಅವ್ವಾ, ಧೂಳ ಕುಂದ್ರಬಾರ್ದ ನೋಡು, ವಾರಕ್ಕೊಮ್ಮೆ ಚಾಲೂ ಮಾಡು" ಎಂದಿದ್ದಳು. ಚಾಲೂ ಮಾಡಿದೆ. ಚಾಲೂ ಮಾಡಿದ ಮೇಲೆ ಸುಮ್ಮನೆ ಕೂಡುವುದು ಹೇಗೆ? ಒಂದು ಗುಂಡಿ ಒತ್ತಿದೆ, ಪರದೆಯ ಮೇಲಿನ ಜಡೆಯ ಹುಡುಗಿ ಗಾಳಿಗೆ ಒಂದು ಒದೆ ಕೊಟ್ಟಳು. ಅಯ್ಯೋ, ಎಷ್ಟು ಹಗುರಾಯಿತೆನ್ನುತ್ತೀರಿ! ಅವತ್ತು ನಮ್ಮ ಮುಖ್ಯಾಧ್ಯಾಪಕರು ನನಗೆ ಮೂರನೆಯ ಸಲ ಟೈಮ್ ಟೇಬಲ್ ತಿದ್ದಲು ಹೇಳಿದ್ದರು. ಜಡೆಯ ಹುಡುಗಿ ಇನ್ನೂ ನಾಲ್ಕು ಒದೆ ಕೊಟ್ಟಳು.

ಯಂತ್ರದ ಜೊತೆ ಎಷ್ಟು ದಿನ ಆಡುವುದು? ವಿಜಯಪುರದಲ್ಲಿ ಬಸ್ ಇಳಿದು ಮನೆಗೆ ನಡೆಯುವ ದಾರಿಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಇರ್ಫಾನ್‌ನ ಗೇಮ್ ಅಂಗಡಿ ಇದೆ. ಇರ್ಫಾನ್ ನನ್ನ ವಿದ್ಯಾರ್ಥಿ. ಭಿನ್ನರಾಶಿ ಕಂಡರೆ ಹೆದರುತ್ತಿದ್ದವನು ಈಗ ಎರಡು ಮಕ್ಕಳ ತಂದೆ, ನಾಲ್ಕು ಪರದೆಗಳ ಯಜಮಾನ. ಸಂಜೆ ಅಲ್ಲಿ ಸೇರುವವರಲ್ಲಿ ಮುಕ್ಕಾಲು ಜನ ನನ್ನ ಕೈಯಲ್ಲಿ ಕಲಿತವರೇ, ನಮ್ಮ ಕಡೆ ಟೀಚರನ್ನು ಕರೆಯುವ ಹಾಗೆ 'ಅಕ್ಕೋರ' ಎನ್ನುವವರು. ನಾನು ಮೊದಲ ಸಲ ಮೆಟ್ಟಿಲು ಹತ್ತಿ ಹೋದಾಗ ಎಲ್ಲರೂ ಎದ್ದು ನಿಂತರು. ಪರದೆಯ ಮೇಲಿನ ನಾಲ್ಕು ಜೋಡಿಗಳು ಆಡಿಸುವವರಿಲ್ಲದೆ ಸುಮ್ಮನೆ ಉಸಿರಾಡುತ್ತ ನಿಂತಿದ್ದವು.

ಅಲ್ಲಿ ಎರಡು ಬಗೆಯ ಆಟ. ಒಂದು ಪಂದ್ಯ, ಇನ್ನೊಂದು 'ಸುಮ್ನ ಆಟ'. ಸುಮ್ನ ಆಟಕ್ಕೆ ಹೆಸರು ಬರೆಯಿಸಬೇಕಿಲ್ಲ, ಗೆದ್ದರೆ ಹಿಗ್ಗಬೇಕಿಲ್ಲ, ಸೋತರೆ ಮುಖ ಸಣ್ಣದು ಮಾಡಬೇಕಿಲ್ಲ. ಚಹಾ ಬರುವ ತನಕ ಆಡುವುದು, ಬಂದ ಮೇಲೆ ಬಿಡುವುದು. ಕೈ ಪಳಗುವುದೆಲ್ಲ ಇಲ್ಲೇ ಎಂದು ಇರ್ಫಾನನೇ ಹೇಳಿದ. ಸರಿ, ದಿನಾ ಅರ್ಧ ತಾಸು ಕೂತೆ. ಮೊದಲ ವಾರವೇ ಗೆಲ್ಲತೊಡಗಿದೆ. ಎರಡನೆಯ ವಾರ ಇರ್ಫಾನನನ್ನೇ ಕೆಡವಿದೆ. ಮೂರನೆಯ ವಾರಕ್ಕೆ ಆ ಮಾಳಿಗೆಯಲ್ಲಿ ನನ್ನನ್ನು ಸೋಲಿಸುವ ಗಂಡಸು ಉಳಿಯಲಿಲ್ಲ. ನನ್ನ ವಿಶೇಷ ಪಟ್ಟು ಎಂದರೆ ಜಿಗಿತ. ಎದುರಿನವನು ಏನೇ ಮಾಡಲಿ, ನಾನು ಮೇಲೆ ಜಿಗಿದು ತಲೆಯ ಮೇಲೆ ಇಳಿಯುತ್ತಿದ್ದೆ.

ಒಂದೆರಡು ಸಂಗತಿ ನನಗೆ ಆಗಲೇ ಹೊಳೆಯಬೇಕಿತ್ತು. ನನ್ನ ಪಟ್ಟಿ ಮುಗಿಯಲು ಬಂದಾಗಲೆಲ್ಲ ಎದುರಿನವನಿಗೆ ಫೋನು ಬರುತ್ತಿತ್ತು. ಇಲ್ಲವೇ ಅವನ ಅಂಗೈಗೆ ತುರಿಕೆ ಹತ್ತುತ್ತಿತ್ತು. ಒಬ್ಬನಿಗಂತೂ ಪ್ರತಿ ಕೊನೆಯ ಸುತ್ತಿನಲ್ಲೂ ಸೀನು ಬರುತ್ತಿತ್ತು. ಇವರೆಲ್ಲ ಒತ್ತಡ ತಾಳಲಾರದ ಹುಡುಗರು, ಶಾಲೆಯಲ್ಲೂ ಹೀಗೇ ಇದ್ದರು, ಪರೀಕ್ಷೆ ಎಂದರೆ ಕೈಕಾಲು ನಡುಗುತ್ತಿದ್ದವು ಎಂದು ನಾನು ಕನಿಕರಪಟ್ಟೆ. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ ಕೂಡ. ಸಾರವಾಡದಿಂದ ಬರುವ ನಮ್ಮ ಹಿಂದಿ ಅಕ್ಕೋರು, "ಅಲ್ರಿ, ನಿಮಗ ಇದೆಲ್ಲ ಹೆಂಗ ಬಂತ್ರಿ?" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. "ಅದು ಒಳಗ ಇರ್ಬೇಕ್ರಿ" ಎಂದು ನಾನು ದೊಡ್ಡವಳ ಹಾಗೆ ಹೇಳಿದೆ.

ಹೀಗಿರುವಾಗ ಊರಲ್ಲಿ ಒಂದು ಪಂದ್ಯಾವಳಿ ಬಂತು. ಮದುವೆ ಹಾಲ್ ಒಂದರಲ್ಲಿ ಪರದೆ ಜೋಡಿಸಿದ್ದರು. ನಾನು ಹೆಸರು ಕೊಟ್ಟೆ. ಇರ್ಫಾನ್ ಯಾಕೋ, "ಅಕ್ಕೋರ, ಈ ವರ್ಷ ಬ್ಯಾಡ್ರಿ, ಬರೂ ವರ್ಷ ನೋಡೂನ್ರಿ" ಎಂದು ಎರಡು ಸಲ ಅಂದ. ಹೊಟ್ಟೆಕಿಚ್ಚಿರಬೇಕು ಎಂದುಕೊಂಡೆ, ದೇವರು ನನ್ನನ್ನು ಕ್ಷಮಿಸಲಿ. ಮೊದಲ ಪಂದ್ಯಕ್ಕೆ ನನ್ನೆದುರು ಬಂದು ಕೂತವಳು ಟಿಕೋಟಾದ ದಾನಮ್ಮ. ಇಪ್ಪತ್ತೈದರ ಹೆಣ್ಣುಮಗಳು, ಆ ಊರಿನ ಸೊಸೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಕೈಯಲ್ಲಿ ಹಸಿರು ಬಳೆ. ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ.

"ಶುರು ಮಾಡೂನ್ರಿ ಆಂಟಿ?" ಎಂದಳು.

ಆಂಟಿ! ನಾನು ಉತ್ತರವಾಗಿ ಮೇಲೆ ಜಿಗಿದೆ. ಅವಳು ನನ್ನನ್ನು ಗಾಳಿಯಲ್ಲೇ ಹೊಡೆದು ಕೆಡವಿದಳು. ಮತ್ತೆ ಜಿಗಿದೆ, ಮತ್ತೆ ಕೆಡವಿದಳು. ನಾನು ಜಿಗಿಯುವುದು, ಅವಳು ಕೆಡವುವುದು, ನೆಲ ನೋಡುವುದು, ಮತ್ತೆ ಜಿಗಿಯುವುದು. ಎರಡು ಸುತ್ತು ಸೇರಿ ಒಂದು ನಿಮಿಷವೂ ಆಗಿರಲಿಲ್ಲ. ಅವಳ ಪಟ್ಟಿಯಲ್ಲಿ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಹಿಂದೆ ನಿಂತ ನನ್ನ ಹಳೆಯ ವಿದ್ಯಾರ್ಥಿಗಳೆಲ್ಲ ಕಾಲಿನ ಹೆಬ್ಬೆರಳು ನೋಡುತ್ತಿದ್ದರು. ಆಗ ಹೊಳೆಯಿತು. ಕಿವಿಯ ತನಕ ಬಿಸಿಯೇರಿತು.

ಮರುದಿನ ಮಾಳಿಗೆ ಹತ್ತಿ ಇರ್ಫಾನನನ್ನು ಹಿಡಿದುಕೊಂಡೆ. "ಖರೇ ಹೇಳು. ನೀವೆಲ್ಲಾ ಬಿಟ್ಟುಕೊಡಾಕತ್ತಿದ್ರೇನು?"

ಅವನು ತಲೆ ತಗ್ಗಿಸಿದ. "ಮತ್ತೇನ್ ಮಾಡ್ಲಿರಿ ಅಕ್ಕೋರ? ನೀವು ಕಲಿಸಿದವರು. ನಿಮ್ಮ ಮ್ಯಾಲ ಹೆಂಗ ಕೈ ಎತ್ತಲಿ?"

"ಅದು ನಾ ಅಲ್ಲೋ ಮಾರಾಯಾ, ಟಿವ್ಯಾಗಿನ ಗೊಂಬಿ!"

"ಗೊಂಬಿನೂ ನಿಮ್ದ ಅಲ್ಲೇನ್ರಿ?"

ಈ ಮಾತಿಗೆ ಏನು ಹೇಳುತ್ತೀರಿ? ನಮ್ಮ ಕಡೆ ಕಲಿಸಿದವರಿಗೆ ಮರ್ಯಾದೆ ಕೊಡುವುದೆಂದರೆ ಹೀಗೆಯೇ. ಬಸ್ಸಿನಲ್ಲಿ ಸೀಟು ಬಿಡುತ್ತಾರೆ, ತರಕಾರಿ ಕೊಂಡರೆ ಮೇಲೊಂದು ಕೊತ್ತಂಬರಿ ಸಿವುಡು ಹಾಕುತ್ತಾರೆ, ಹೊಡೆದಾಟದಲ್ಲಿ ಪ್ರಾಣವನ್ನೇ ಬಿಡುತ್ತಾರೆ. ಸಿಟ್ಟಿಗೆದ್ದು, ಇನ್ನು ಮೇಲೆ ನನ್ನನ್ನು ಸರಿಯಾಗಿ ಹೊಡೆಯಿರಿ ಎಂದು ಆಜ್ಞೆ ಮಾಡಿದೆ. ಹೊಡೆದರು, ಹೂವಿನಲ್ಲಿ ಹೊಡೆದ ಹಾಗೆ. ಗದರಿದರೆ ಇನ್ನಷ್ಟು ಹೆದರಿ ತಾವೇ ಬಿದ್ದರು.

ನನಗೆ ಸೋತದ್ದು ಅಷ್ಟು ಚುಚ್ಚಲಿಲ್ಲ, ಗೆದ್ದದ್ದು ಚುಚ್ಚಿತು. ಒಂದು ಲೆಕ್ಕ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅರವತ್ನಾಲ್ಕನೆಯ ಹದಿನಾರು ಎಂಬ ಭಿನ್ನರಾಶಿಯಿದೆ. ಮೇಲೆ ಹದಿನಾರು, ಕೆಳಗೆ ಅರವತ್ನಾಲ್ಕು. ಒಬ್ಬ ಹುಡುಗ ಮೇಲಿನ ಆರನ್ನೂ ಕೆಳಗಿನ ಆರನ್ನೂ ಹೊಡೆದುಹಾಕಿ 'ನಾಲ್ಕನೆಯ ಒಂದು' ಎಂದು ಬರೆಯುತ್ತಾನೆ. ಉತ್ತರ ಸರಿ! ದಾರಿ ಪೂರ್ತಿ ತಪ್ಪು. ಅವಸರದ ಮಾಸ್ತರು ಉತ್ತರ ನೋಡಿ ಸರಿ ಗುರುತು ಹಾಕಿದರೆ ಆ ಹುಡುಗ ಜನ್ಮವಿಡೀ ಕಂಡ ಕಂಡ ಅಂಕಿಯನ್ನೆಲ್ಲ ಹೊಡೆಯುತ್ತಾ ಹೋಗುತ್ತಾನೆ. ನನ್ನ ಜಿಗಿತ ಅಂಥದ್ದು. ಮಾಳಿಗೆಯ ಹುಡುಗರು ಪ್ರೀತಿಯಿಂದ ದಿನಾ ಅದಕ್ಕೆ ಸರಿ ಗುರುತು ಹಾಕಿದ್ದರು. ಈಗ ನನಗೆ ಒಂದು ಗೆಲುವು ಬೇಕಾಗಿತ್ತು, ಹೆಚ್ಚಲ್ಲ, ಒಂದೇ. ಆದರೆ ನನ್ನನ್ನು ಸೋಲಿಸಲೇಬೇಕೆಂದು ಹಟ ಹಿಡಿದು ಕೂತವರಿಂದ ಅದು ಬರಬೇಕಿತ್ತು. ಅಂಥದ್ದೊಂದು ನನ್ನ ಕೈಯಲ್ಲಿ ಸಾಧ್ಯವೋ ಇಲ್ಲವೋ ಎಂದು ತಿಳಿಯದೆ ನನಗೆ ಊಟ ಸೇರದಾಯಿತು.

ನಮ್ಮ ಮುತ್ಯಾ, ಅಂದರೆ ಅಜ್ಜ, ಗರಡಿ ಮನುಷ್ಯ. ಅವರು ಹೇಳುತ್ತಿದ್ದ ಒಂದು ಸಂಗತಿ ನೆನಪಾಯಿತು. ಗರಡಿಯಲ್ಲಿ ಕಲಿಸುವ ವಸ್ತಾದರು ಶಿಷ್ಯನ ಕೂಡ ದಿನಾ ಕುಸ್ತಿ ಹಿಡಿಯುತ್ತಿದ್ದರಂತೆ. ಶಿಷ್ಯ ಮಣ್ಣು ಮುಟ್ಟಿ ಹಣೆಗೆ ಹಚ್ಚಿ, ವಸ್ತಾದರ ಕಾಲು ಮುಟ್ಟಿ, ಆಮೇಲೆ ಅದೇ ಕಾಲನ್ನು ಎಳೆದು ಅವರನ್ನು ಕೆಡವಬೇಕು. ಕೆಡವಲು ಹಿಂಜರಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತಂತೆ. ಕಾಲು ಮುಟ್ಟುವುದು ಗೊತ್ತಿದ್ದು ಎಳೆಯುವುದು ಮರೆತ ಶಿಷ್ಯರನ್ನು ತಯಾರು ಮಾಡಿದವಳು ನಾನು. ತರಗತಿಯಲ್ಲಿ ನನ್ನ ತಪ್ಪು ಹಿಡಿದು ಎದ್ದು ನಿಂತ ಒಂದು ಮಗುವನ್ನೂ ಇಷ್ಟು ವರ್ಷದಲ್ಲಿ ಕಾಣಲಿಲ್ಲ, ಅದನ್ನು ನನ್ನ ಜಾಣತನ ಎಂದುಕೊಂಡಿದ್ದೆ. ಈಗ ನಾಚಿಕೆಯಾಯಿತು.

ಭಾನುವಾರ ಟಿಕೋಟಾದ ಬಸ್ ಹತ್ತಿದೆ. ದಾನಮ್ಮನ ಮನೆಯವರದು ದ್ರಾಕ್ಷಿ ತೋಟ, ಪಕ್ಕದಲ್ಲಿ ಒಣದ್ರಾಕ್ಷಿಯ ಶೆಡ್ಡು. ಬಲೆಗಳನ್ನು ಅಂತಸ್ತು ಅಂತಸ್ತಾಗಿ ಕಟ್ಟಿ ಹಣ್ಣು ಹರವಿದ್ದರು. ಹರವಿದ ಮೇಲೆ ಎರಡು ವಾರ ಗಾಳಿಯೇ ಕೆಲಸ ಮಾಡಬೇಕು, ಮನುಷ್ಯರು ಕಾಯಬೇಕು. ಕಾಯುವವಳು ದಾನಮ್ಮ. ಶೆಡ್ಡಿನ ಮೂಲೆಯ ಕೋಣೆಯಲ್ಲಿ ಅವಳದೊಂದು ಟಿವಿ, ಆಟದ ಪೆಟ್ಟಿಗೆ. ಬಾಗಿಲಲ್ಲಿ ಅವಳ ಅತ್ತೆ ಒಣಗಿದ ಹಣ್ಣಿನ ತೊಟ್ಟು ಬಿಡಿಸುತ್ತ ಕೂತಿದ್ದರು. ನಾನು ಬಂದ ಕೆಲಸ ಹೇಳಿದೆ. "ನನ್ನನ್ನ ಹೊಡೀಬೇಕು ನೀನು. ಮುಲಾಜಿ ಇಲ್ದ."

"ಅದಕ್ಕೇನ್ರಿ ಆಂಟಿ, ಬರ್ರಿ" ಎಂದಳು ದಾನಮ್ಮ, ಚಹಾಕ್ಕೆ ಬರ್ರಿ ಎಂದ ಹಾಗೆ.

ಅವತ್ತು ಇಪ್ಪತ್ತು ಆಟ ಸೋತೆ. ಅತ್ತೆ ಪ್ರತಿ ಸಲವೂ ತೊಟ್ಟು ಬಿಡಿಸುವುದನ್ನು ನಿಲ್ಲಿಸಿ, "ಮತ್ತ ಬಿದ್ರಲ್ಲಬೇ ಇವ್ರು" ಎಂದು ಸೊಸೆಗೆ ವರದಿ ಒಪ್ಪಿಸುತ್ತಿದ್ದರು. ಇಪ್ಪತ್ತಾದ ಮೇಲೆ ದಾನಮ್ಮ ಬಾಯಿಬಿಟ್ಟಳು. "ಆಂಟಿ, ಸಿಟ್ಟಾಗಬ್ಯಾಡ್ರಿ. ನೀವು ಗೆಲ್ಲಾಕ ಆಡಾಕತ್ತೀರಿ. ಸುಮ್ನ ಆಟದಾಗ ಗೆದ್ದು ಏನ್ ಮಾಡ್ತೀರಿ? ಇವತ್ತ ಒಂದ ಕೆಲಸ ಹಿಡೀರಿ. ಜಿಗೀಬ್ಯಾಡ್ರಿ. ಸೋತ್ರ ಸೋಲ್ರಿ, ಕಾಲ ಮಾತ್ರ ನೆಲದ ಮ್ಯಾಲ ಇರ್ಲಿ."

ಕೇಳಲು ಸುಲಭ. ಆದರೆ ನನ್ನ ಹೆಬ್ಬೆರಳಿಗೆ ನನ್ನ ಮಾತೇ ಕೇಳಿಸುತ್ತಿರಲಿಲ್ಲ. ಒಂದು ಭಾನುವಾರ ಪೂರ್ತಿ ಹೋಯಿತು, ನೆಲದ ಮೇಲೆ ನಿಲ್ಲುವುದು ಕಲಿಯಲಿಕ್ಕೆ. ಮುಂದಿನ ವಾರ ಬರೀ ತಡೆಯುವುದು, ಒಂದೂ ಏಟು ಕೊಡದೆ. ಅದರ ಮುಂದಿನ ವಾರ ತಡೆದು, ಎದುರಿನವಳ ಎತ್ತಿದ ಕಾಲು ಇಳಿಯುವಷ್ಟರೊಳಗೆ ಒಂದೇ ಒಂದು ಏಟು. ಅಷ್ಟೇ, ಎರಡನೆಯದಕ್ಕೆ ಆಸೆಪಡಬಾರದು. ಸೋಲು ಎಣಿಸುವುದನ್ನು ನಾನು ಬಿಟ್ಟೆ. ಇವತ್ತು ಹಿಡಿದ ಕೆಲಸ ಆಯಿತೋ ಇಲ್ಲವೋ ಎಂದು ಮಾತ್ರ ಕೇಳಿಕೊಂಡು ಸಂಜೆ ಬಸ್ ಹತ್ತುತ್ತಿದ್ದೆ. ವಿಚಿತ್ರವೆಂದರೆ ಊಟ ರುಚಿಸತೊಡಗಿತು. ಐದನೆಯ ಭಾನುವಾರ ದಾನಮ್ಮನಿಂದ ಒಂದು ಸುತ್ತು ಕಿತ್ತುಕೊಂಡೆ, ಆಟವಲ್ಲ, ಬರೀ ಸುತ್ತು. ಅತ್ತೆ, "ಯವ್ವಾ! ಈಗ ನೀ ಬಿದ್ದೆಲ್ಲಬೇ" ಎಂದು ಸೊಸೆಯನ್ನು ನೋಡಿ ಚಪ್ಪಾಳೆ ತಟ್ಟಿದರು. ಅವರ ಸಂತೋಷಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು.

ಮರುದಿನ ಇರ್ಫಾನನ ಮಾಳಿಗೆ ಹತ್ತಿದೆ. ಅವನು ಎಂದಿನಂತೆ ನಗುತ್ತ, ಬಿಟ್ಟುಕೊಡುವವರ ಸಮಾಧಾನದಲ್ಲಿ ಕೂತ. ಮೊದಲ ಸುತ್ತು ನನಗಾಯಿತು. ಅದು ಅವನು ಕೊಟ್ಟದ್ದೇ, ನನಗೆ ಗೊತ್ತಿತ್ತು. ಎರಡನೆಯ ಸುತ್ತಿನಲ್ಲಿ ಅವನು ಸುಮ್ಮನೆ ಒಂದು ಒದೆ ಎತ್ತಿದ. ನಾನು ನೆಲ ಬಿಡದೆ ತಡೆದು, ಕಾಲು ಇಳಿಯುವ ಮೊದಲೇ ಕೊಟ್ಟೆ. ಮತ್ತೊಂದು ಎತ್ತಿದ, ಮತ್ತೆ ಕೊಟ್ಟೆ. ಇರ್ಫಾನ್ ತಿರುಗಿ ನನ್ನ ಮುಖ ನೋಡಿದ. ಒರಗಿದ್ದವನು ಮುಂದೆ ಬಾಗಿದ. ಪಕ್ಕದ ಪರದೆಯವರು ಆಟ ಬಿಟ್ಟು ಬಂದು ನಿಂತರು. ತನ್ನ ಅಂಗಡಿಯಲ್ಲಿ, ತನ್ನ ಗಿರಾಕಿಗಳ ಮುಂದೆ ಅವನು ನಿಜವಾಗಿ ಬೀಳುವ ಹಂತಕ್ಕೆ ಬಂದಿದ್ದ.

ಆಮೇಲೆ ಅವನಿಗೆ ನಾನು ಯಾರೆಂಬುದು ಮರೆತೇಹೋಯಿತು. ನನ್ನನ್ನು ಮೂಲೆಗೆ ಒತ್ತಿ, ಏಳಲು ಬಿಡದೆ, ಬಿದ್ದವಳನ್ನು ಎತ್ತಿ ಎತ್ತಿ ಬಡಿದ. ತಮ್ಮತಮ್ಮಲ್ಲೇ ಆಡುವಾಗ ಹುಡುಗರು ಇದನ್ನು ಹಲಕಟ್ ಆಟ ಎನ್ನುತ್ತಾರೆ. ಆ ಸುತ್ತೂ ಮುಂದಿನ ಸುತ್ತೂ ಅವನದಾಯಿತು. ಆಟ ಮುಗಿದ ಮೇಲೆ ಎಚ್ಚರಾಗಿ, ಮುಖ ಬಿಳಿಚಿಕೊಂಡು ಎದ್ದು ನಿಂತ. "ತಪ್ಪಾತ್ರಿ ಅಕ್ಕೋರ, ಗೊತ್ತ ಆಗ್ಲಿಲ್ರಿ."

"ಕುಂದ್ರಲೇ!" ಎಂದೆ. ಶಿಕ್ಷಕರ ದಿನಕ್ಕೆ ಹಾಕಿದ ಯಾವ ಶಾಲಿನಿಂದಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ, ಸುಳ್ಳು ಹೇಳುವುದಿಲ್ಲ. "ಹಿಂಗ ಹೊಡಿ. ಹಿಂಗ ಹೊಡೀದಿದ್ರ ನಾಳಿ ನಿನ್ನ ಅಂಗಡಿಗೆ ಕಾಲಿಡಂಗಿಲ್ಲ."

ಹೊಡೆದ. ಅವತ್ತು ಅವನ ಕೈಯಲ್ಲಿ ಏಳು ಆಟ ಸಾಲಾಗಿ ಸೋತೆ. ಎಂಟನೆಯದರ ಕೊನೆಯ ಸುತ್ತು, ಇಬ್ಬರ ಪಟ್ಟಿಯಲ್ಲೂ ಉಗುರಿನಷ್ಟು ಬಾಕಿ. ಅವನು ತಾಳಲಾರದೆ ಮೇಲೆ ಜಿಗಿದ. ನನಗೆ ಗೊತ್ತಿರುವ ಒಂದು ವಿಷಯವೆಂದರೆ ಜಿಗಿದವರಿಗೆ ಏನಾಗುತ್ತದೆ ಎಂಬುದು. ಗಾಳಿಯಲ್ಲೇ ಹೊಡೆದು ಕೆಡವಿದೆ.

ಮಾಳಿಗೆಯಲ್ಲಿ ಗದ್ದಲವೋ ಗದ್ದಲ. ಇರ್ಫಾನ್ ತೊಡೆಗೆ ಬಡಿದುಕೊಂಡು "ಛೇ!" ಎಂದ. ಬಾಯಲ್ಲಿ ಇನ್ನೇನೋ ಬರುವುದಿತ್ತು, ನುಂಗಿದ. ನಾನು ಚೀಲ ಹೆಗಲಿಗೆ ಹಾಕಿಕೊಂಡು ಎದ್ದೆ. ಮೆಟ್ಟಿಲ ತನಕ ಬಂದಿದ್ದೆನೋ ಇಲ್ಲವೋ, ಹಿಂದಿನಿಂದ ಓಡಿಬಂದ. ತಿಂಗಳುಗಟ್ಟಲೆ ನನಗೆ ಗೆಲುವುಗಳನ್ನು ನಗುನಗುತ್ತ ದಾನ ಮಾಡಿದ ಮನುಷ್ಯ ಈಗ ಮೆಟ್ಟಿಲಿಗೆ ಅಡ್ಡ ನಿಂತಿದ್ದ, ಕಣ್ಣಲ್ಲಿ ಕಿಡಿ.

"ಎಲ್ಲಿ ಹೊಂಟ್ರಿ? ಹಂಗ ಹೋಗಾಂಗಿಲ್ರಿ ಅಕ್ಕೋರ. ಇನ್ನೊಂದ ಆಡ್ರಿ!"

ದಾನ ಕೊಟ್ಟವನು ಇನ್ನೊಂದು ಆಟ ಕೇಳುವುದಿಲ್ಲ. ನಾನು ಚೀಲ ಇಳಿಸಿದೆ.