ಕೆಸರು ಹಚ್ಚುವ ಅಳಿಯ

ನಮ್ಮ ಮನೆಯಲ್ಲಿ ಕೆಸರು ತಾನಾಗಿ ಆಗುವುದಿಲ್ಲ, ನಾನು ಮಾಡುತ್ತೇನೆ. ಮಣ್ಣನ್ನು ಒಣಗಿಸಿ, ಚಹಾ ಸೋಸಣಿಗೆಯಲ್ಲಿ ಜರಡಿ ಹಿಡಿದು, ನೀರು ಮತ್ತು ಬಿಳಿ ಗೋಂದು ಕೂಡಿಸಿ, ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸುತ್ತೇನೆ. ಆ ಸೋಸಣಿಗೆ ಈಗ ನನ್ನದೇ. ಅಡುಗೆಮನೆಗೆ ಬೇರೆಯದು ಬಂದಿದೆ. ಈ ವರ್ಗಾವಣೆಯ ಸಂದರ್ಭದಲ್ಲಿ ನನ್ನ ಹೆಂಡತಿ ಶೈಲಾ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಹೀಗೆ ಹದವಾದ ಕೆಸರನ್ನು ಗೇಣುದ್ದದ ಒಂದು ಪ್ಲಾಸ್ಟಿಕ್ ಟ್ಯಾಂಕಿಗೆ ಹಚ್ಚುತ್ತೇನೆ. ನೀರಿನ ಟ್ಯಾಂಕಲ್ಲ, ಯುದ್ಧದ್ದು. ಮುಂದೆ ತೋಪು ಇರುವಂಥದ್ದು.

ಜಗತ್ತಿನಲ್ಲಿ ಉಳಿದವರೆಲ್ಲ ಹಳೆಯದನ್ನು ತೊಳೆದು, ತಿಕ್ಕಿ, ಬಣ್ಣ ಬಳಿದು ಹೊಸದರಂತೆ ಮಾಡಲು ಹೆಣಗುತ್ತಾರೆ. ನಮ್ಮ ಪಂಥದವರದು ಉಲ್ಟಾ ದಾರಿ. ನಿಜವಾದ ಟ್ಯಾಂಕನ್ನು ಮೂವತ್ತೈದರಲ್ಲಿ ಒಂದು ಪಾಲಿಗೆ ಇಳಿಸಿದ ಬಿಡಿಭಾಗಗಳ ಡಬ್ಬಿಯನ್ನು ಮುಂಬಯಿಯಿಂದ ತರಿಸುತ್ತೇವೆ. ಉಸಿರು ಬಿಗಿಹಿಡಿದು ಅಂಟಿಸುತ್ತೇವೆ. ಬೆಳಗಾವಿ ಪಕ್ಕದ ಮಚ್ಛೆ ಊರಿನ ಕಾರ್ಖಾನೆಯಲ್ಲಿರುವ ಗೆಳೆಯನಿಂದ ಬಣ್ಣ ತೆಳುಮಾಡುವ ಥಿನ್ನರ್ ತಂದು ಕನ್ನಡಿಯಂಥ ಹಸಿರು ಬಣ್ಣ ಹೊಡೆಯುತ್ತೇವೆ. ಆಮೇಲೆ ಆ ಚೆಲುವನ್ನು ಕೆಡಿಸಲು ಕೂಡುತ್ತೇವೆ. ಅಂಚುಗಳಲ್ಲಿ ತುಕ್ಕು ಬರಿಸಬೇಕು, ಸೈನಿಕರು ಹತ್ತಿಳಿಯುವಲ್ಲಿ ಬಣ್ಣ ಸವೆಸಬೇಕು. ನೋಡಿದವರು "ಅಯ್ಯೋ, ಎಷ್ಟು ಹಳೇದು!" ಎಂದರೆ ನಮಗೆ ಹಾಲು ಕುಡಿದಷ್ಟು ಸಂತೋಷ.

ಖಾನಾಪುರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಮಾವನವರು ಮಾತ್ರ ಹಾಗೆ ಎಂದವರಲ್ಲ. ಅವರು ರೈತರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಎಷ್ಟು ನೀಟೋ ಅಂಗಳದ ಟ್ರ್ಯಾಕ್ಟರೂ ಅಷ್ಟೇ ನೀಟು. ಹೊಲದಿಂದ ಬಂದ ಗಾಡಿ ತೊಳೆಯದೆ ಅವರು ಊಟಕ್ಕೆ ಕೂತದ್ದಿಲ್ಲ. ಹೊಸ ವಸ್ತು ತಂದು ಕೆಸರು ಮೆತ್ತುವ ಅಳಿಯ ಅವರ ಬಾಳಿನಲ್ಲಿ ಯಾಕೆ ಬಂದನೆಂದು ಅವರಿಗೆ ತಿಳಿದಿರಲಿಲ್ಲ. ಬಂದವರಿಗೆ "ಅಳಿಯಾರು ಟಿಳಕವಾಡಿಯಾಗ ಇರ್ತಾರ, ಬ್ಯಾಂಕಿನ್ಯಾಗ ಅದಾರ" ಎಂದು ಪರಿಚಯಿಸಿ, ಅಲ್ಲಿಗೇ ಮಾತು ನಿಲ್ಲಿಸಿಬಿಡುತ್ತಿದ್ದರು. ಆ ನಿಲ್ಲಿಸುವಿಕೆ ನನ್ನನ್ನು ಚುಚ್ಚುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಮನುಷ್ಯನ ಬಾಯಿಂದ ನನ್ನ ಕೈಕೆಲಸದ ಬಗ್ಗೆ ಒಂದು ಒಳ್ಳೆಯ ಮಾತು ಕೇಳಬೇಕೆಂಬ ಆಸೆ ನನಗೆ ಹಟವೇ ಆಗಿತ್ತು.

ಆದ್ದರಿಂದ ಆ ವರ್ಷ, ಎರಡು ಸಾವಿರದ ಆಸುಪಾಸಿನ ಮಳೆಗಾಲದಲ್ಲಿ, ಒಂದು ಮಹಾಕೃತಿಗೆ ಕೈಹಾಕಿದೆ: ಚಳಿಗಾಲದ ಟ್ಯಾಂಕು. ಹಿಮದಲ್ಲಿ ಶತ್ರುವಿಗೆ ಕಾಣಬಾರದೆಂದು ಹಿಂದಿನ ಸೈನಿಕರು ಹಸಿರು ಟ್ಯಾಂಕಿನ ಮೇಲೆ ಸುಣ್ಣದಂಥ ಬಿಳಿ ಬಳಿಯುತ್ತಿದ್ದರು. ಮಕ್ಕಳು ಚಿತ್ರ ಬರೆಯುವ ನೀರುಬಣ್ಣದ ಬಿಳಿಯನ್ನೇ ನಾನು ಬಳಿದೆ. ಆಮೇಲೆ ಒದ್ದೆ ಕುಂಚದಿಂದ ಅಲ್ಲಲ್ಲಿ ಒರೆಸಿದರೆ ಒಳಗಿನ ಹಸಿರು ಇಣುಕುತ್ತದೆ. ತೊಂದರೆಯೆಂದರೆ ನಾನು ಹಿಮ ಕಂಡವನಲ್ಲ. ಬೆಳಗಾವಿಯ ಚಳಿಗೆ ಸ್ವೆಟರು ಬೇಕಾಗುವುದು ಖರೆ, ಹಿಮವೇನೂ ಬೀಳುವುದಿಲ್ಲ. ಕೊನೆಗೆ ಫ್ರಿಜ್ಜಿನ ಮೇಲಿನ ಖಾನೆ ತೆರೆದು, ಅಂಚುಗಳಲ್ಲಿ ಹಿಮ ಹೇಗೆ ಕೂತಿದೆ, ಎಲ್ಲಿ ಬೂದು, ಎಲ್ಲಿ ನೀಲಿ ಎಂದು ಅಭ್ಯಾಸ ಮಾಡತೊಡಗಿದೆ. "ಬಾಗಲಾ ಹಾಕ್ರಿ, ಹಾಲು ಕೆಡತಾವ" ಎಂದು ಶೈಲಾ ಕೂಗುವವರೆಗೆ ನನ್ನ ಧ್ರುವಪ್ರದೇಶದ ಯಾತ್ರೆ ನಡೆಯುತ್ತಿತ್ತು.

ಕೆಸರಿನ ಅಭ್ಯಾಸಕ್ಕೆ ಇಂಥ ಬರಗಾಲವಿರಲಿಲ್ಲ. ಕೆಸರು ಸಿಕ್ಕಲ್ಲೆಲ್ಲ ಕೂಡುವ ವಸ್ತುವಲ್ಲ, ಅದಕ್ಕೂ ಒಂದು ನಡವಳಿಕೆಯಿದೆ. ಗಾಲಿಯ ಒಳಬದಿಯಲ್ಲಿ ಗಟ್ಟಿಯಾಗಿ, ಹಿಂಭಾಗದಲ್ಲಿ ಚುಕ್ಕೆಚುಕ್ಕೆಯಾಗಿ, ಮೇಲಕ್ಕೆ ಹೋದಂತೆ ಬರೀ ಧೂಳಾಗಿ ಕೂಡುತ್ತದೆ. ಇದನ್ನು ಕಣ್ಣಾರೆ ಕಾಣಲು ಬಸ್ ನಿಲ್ದಾಣದಲ್ಲಿ ಖಾನಾಪುರದಿಂದ ಆಗಷ್ಟೇ ಬಂದ ಬಸ್ಸಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ. ಕಂಡಕ್ಟರು ಬಂದು, "ಏನ ಕಳದೈತ್ರಿ?" ಎಂದ.

"ಏನೂ ಇಲ್ರಿ, ಕೆಸರ ನೋಡಾಕತ್ತೇನಿ" ಎಂದೆ.

ಅವನು ನನ್ನನ್ನೇ ಒಂದು ಗಳಿಗೆ ನೋಡಿ, ತೋಳು ಹಿಡಿದು ಎಬ್ಬಿಸಿ, "ಬರ್ರಿ, ಒಳಗ ಬಂದು ಆರಾಮ ಕುಂದರ್ರಿ. ಮನಿಯವರು ಯಾರಾರ ಜೋಡಿ ಬಂದಾರೇನ್ರಿ?" ಎಂದು ಬಹಳ ಮೆತ್ತಗೆ ಕೇಳಿದ. ಕಲೆಗಾಗಿ ಇಂಥವನ್ನು ಸಹಿಸಬೇಕಾಗುತ್ತದೆ.

ಮಹಾಕೃತಿ ಮುಗಿದಾಗ ಆಯುಧಪೂಜೆಯ ಖಂಡೇನವಮಿ ಹತ್ತಿರ ಬಂದಿತ್ತು. ಹತ್ತಿ ಹಾಸಿದ ಬೂಟಿನ ಡಬ್ಬಿಯಲ್ಲಿ ಟ್ಯಾಂಕನ್ನಿಟ್ಟು, ಶೈಲಾಳೊಡನೆ ರೈಲು ಹತ್ತಿ, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ದಾರಿಯ ದೇಸೂರು ನಿಲ್ದಾಣದಲ್ಲಿ ರೈಲು ಜಗ್ಗಿ ನಿಂತಾಗ ನನ್ನ ಎದೆಯೂ ನಿಂತಿತು. ಊರು ಮುಟ್ಟಿದವನೇ ಮಾವನವರ ಮುಂದೆ ಡಬ್ಬಿ ತೆರೆದೆ. ಅವರು ಕನ್ನಡಕ ಏರಿಸಿ, ಟ್ಯಾಂಕನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು.

"ಇಷ್ಟ ಹೊಲಸ ಯಾಕಾಗೈತ್ರಿ ಅಳಿಯಾರ?"

ನಾನು ಹಿಮದಿಂದ ಶುರುಮಾಡಿ, ಹಿಮ ಕರಗಿ ಕೆಸರಾಗುವವರೆಗೆ ಎಲ್ಲವನ್ನೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ "ಹೂಂ" ಎಂದರು. ನಾಲ್ಕು ತಿಂಗಳ ಶ್ರಮಕ್ಕೆ ಒಂದೇ ಒಂದು "ಹೂಂ". ಟ್ಯಾಂಕನ್ನು ಗೋಡೆಯೊಳಗಿನ ಮಾಡಿನಲ್ಲಿಟ್ಟು, ನನಗೆ ಹೊಟ್ಟೆ ಹಸಿದಿಲ್ಲ ಎಂದು ಹೇಳಿ, ಆಮೇಲೆ ಅತ್ತೆಯವರು ಬಡಿಸಿದ್ದನ್ನೆಲ್ಲ ಉಂಡೆ.

ಮರುದಿನ ಮುಂಜಾನೆ ಸ್ನಾನ ಮುಗಿಸಿ ಬಂದರೆ ಮಾಡಿನಲ್ಲಿ ಟ್ಯಾಂಕಿಲ್ಲ. ಅಂಗಳದಲ್ಲಿ ತೊಳೆದಿಟ್ಟ ಕುಡುಗೋಲು, ಕೊಡಲಿ, ನೇಗಿಲು ಹೊಳೆಯುತ್ತಿದ್ದವು. ಟ್ರ್ಯಾಕ್ಟರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರಾಚೆ, ಒಗೆಯುವ ಕಲ್ಲಿನ ಬಳಿ ಮಣೆ ಹಾಕಿಕೊಂಡು ಕೂತ ಮಾವನವರು ಹಲ್ಲುಜ್ಜುವ ಹಳೆಯ ಬ್ರಷ್ಷಿಗೆ ಸೋಪು ಹಚ್ಚಿ ನನ್ನ ಟ್ಯಾಂಕನ್ನು ತಿಕ್ಕುತ್ತಿದ್ದರು. ಗಾಲಿಯ ಸಂದಿಯ ಕೆಸರನ್ನು ಊದಿನಕಡ್ಡಿಯ ತುದಿಯಿಂದ ಮೀಟಿ ತೆಗೆದಾಗಿತ್ತು. ಹಿಮವೆಲ್ಲ ಬಿಳಿ ನೀರಾಗಿ ಹರಿದು ದಾಸವಾಳದ ಬುಡ ಸೇರುತ್ತಿತ್ತು.

ಹಿಂದೆ ಬಂದ ಶೈಲಾ "ಅಪ್ಪಾ! ಅದು..." ಎಂದಳು.

"ಹೊಲಸ ಗಾಡಿ ಪೂಜಿಗೆ ಇಡಾಕ ಬರೂದಿಲ್ಲವಾ" ಎಂದರು ಅವರು, ತಲೆಯೆತ್ತದೆ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಆಯುಧ ಅಲ್ಲೇನ್ರಿ ಇದು? ಪ್ರತಿ ವರ್ಷ ಕಿಸೆದಾಗಿನ ಪೆನ್ನ ತಗದ ಕೊಡತೀರಿ. ಅದು ಬ್ಯಾಂಕಿನ ಸಾಮಾನು. ನಿಮ್ಮ ಕೈಯಾನ ಆಯುಧ ಇದ ಐತಿ ಅಂತ ನಿನ್ನಿ ನೀವು ಹೇಳೂಮುಂದ ತಿಳೀತು" ಎಂದರು.

ನಾನು ಶೈಲಾಳ ಕೈ ಹಿಡಿದು ಸುಮ್ಮನಾಗಿಸಿದೆ. ಹಾಗೆ ನೋಡಿದರೆ ಅವರದು ತಪ್ಪೂ ಅಲ್ಲ. ವಸಂತ ಬಂದು ಹಿಮ ಕರಗಿದ ಮೇಲೆ ಆ ಸೈನಿಕರೂ ಬಿಳಿ ಬಣ್ಣವನ್ನು ತಿಕ್ಕಿ ತೊಳೆದೇ ಹಸಿರು ಟ್ಯಾಂಕು ಏರುತ್ತಿದ್ದರು. ನನ್ನ ಟ್ಯಾಂಕಿಗೆ ವಸಂತ ಆಶ್ವಯುಜದಲ್ಲಿ, ಒಗೆಯುವ ಕಲ್ಲಿನ ಮೇಲೆ ಬಂತು.

ಪೂಜೆಯ ಸಾಲಿನಲ್ಲಿ ಟ್ರ್ಯಾಕ್ಟರಿನ ಪಕ್ಕವೇ ಟ್ಯಾಂಕಿಗೆ ಜಾಗ ಸಿಕ್ಕಿತು. ತೋಪಿನ ಗೋಪುರಕ್ಕೆ ಕಡ್ಡಿಯಲ್ಲಿ ಎಳೆದ ಮೂರು ಎಳೆ ವಿಭೂತಿ. ಇಡೀ ಚೆಂಡುಹೂವು ಇಟ್ಟರೆ ಗಾಡಿಯೇ ಮುಚ್ಚಿಹೋಗುವುದರಿಂದ ಒಂದು ಎಸಳು. ಟ್ರ್ಯಾಕ್ಟರಿನ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ ಮಾವನವರು ಟ್ಯಾಂಕಿನ ಮುಂದೆ ಬಂದು ನಿಂತರು. ಕೈಯಲ್ಲಿದ್ದ ನಿಂಬೆಹಣ್ಣು ನೋಡಿದರು, ಟ್ಯಾಂಕು ನೋಡಿದರು. ತುಸು ಹೊತ್ತು ಯೋಚಿಸಿ, ಅಡುಗೆಮನೆಗೆ ಹೋಗಿ, ಮುಷ್ಟಿ ಮುಚ್ಚಿಕೊಂಡು ಬಂದು, ಟ್ಯಾಂಕಿನ ಗಾಲಿಗಳನ್ನು ಸುತ್ತಿದ ಎರಡೂ ಪಟ್ಟಿಗಳ ಮುಂದೆ ಒಂದೊಂದು ಸಾಸಿವೆ ಕಾಳು ಇಟ್ಟರು.

"ಹೂಂ, ಹೊಂಡಸ್ರಿ."

ಬೆರಳಿನಿಂದ ತಳ್ಳಿದೆ. ಗಾಲಿಗಳನ್ನು ಅಂಟಿಸಿಬಿಟ್ಟಿದ್ದೆನಾದ್ದರಿಂದ ಟ್ಯಾಂಕು ಜಾರಿತೇ ಹೊರತು ಉರುಳಲಿಲ್ಲ. ಕಾಳುಗಳು ಮುಂದೆ ಓಡಿದವು. ಮಾವನವರು ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸುವಷ್ಟು ಬಗ್ಗಿ, ಕಾಳುಗಳನ್ನು ಮತ್ತೆ ಪಟ್ಟಿಯ ಕೆಳಗೇ ಸಿಕ್ಕಿಸಿದರು. "ನೀವ ಮುಂದ ಒತ್ತರ್ರಿ, ನಾ ಹಿಂದ ಒತ್ತತೇನಿ" ಎಂದರು. ಇಬ್ಬರೂ ಒತ್ತಿದೆವು. ಚಿಟ್ ಎಂದಿತು. ಸ್ವಲ್ಪ ತಡೆದು ಇನ್ನೊಂದು ಚಿಟ್.

"ಹೊಂಟಿತು ನೋಡ್ರಿ ಗಾಡಿ!" ಎಂದು ಅವರು ನಕ್ಕರು. ಪ್ರಸಾದಕ್ಕೆ ಬಂದ ಪಕ್ಕದ ಮನೆಯವರನ್ನು ಕರೆದು, "ಇದು ನಮ್ಮ ಅಳಿಯಾರು ತಮ್ಮ ಕೈಯಾರೆ ಮಾಡಿದ್ದು. ನಟ್ಟ, ಬೋಲ್ಟ ಸುದ್ದಾ ಅದಾವ, ಕಣ್ಣ ಹಚ್ಚಿ ನೋಡ್ರಿ" ಎಂದು ತೋರಿಸಿದರು. ಆಮೇಲೆ ನನ್ನ ಕಡೆ ಬಗ್ಗಿ ದನಿ ತಗ್ಗಿಸಿ ಹೇಳಿದರು: "ಮುಂದಿನ ವರ್ಷ ಇಷ್ಟ ಕೆಸರ ಹಚ್ಚಬ್ಯಾಡ್ರಿ. ನಾ ಒಬ್ಬಾವ ಎಷ್ಟಂತ ತಿಕ್ಕಲಿ?"

ಮುಂದಿನ ಮಳೆಗಾಲ ಪೂರ್ತಿ ನಾನು ಕೆಸರು ಹಚ್ಚಿದೆ; ಇಬ್ಬರು ಅಕ್ಕಪಕ್ಕ ಕೂತು ತಿಕ್ಕಿದರೂ ಒಂದು ಮುಂಜಾನೆ ಹಿಡಿಯುವಷ್ಟು.