ಶೆಡ್ಡಿನ ನೆರಳಲ್ಲಿದ್ದ ಮೂವರು

ದುರುಗಮ್ಮನಿಗೆ ನಾನು ಸುಳ್ಳು ಹೇಳಿದೆ. ಫೋಟೊದಲ್ಲಿ ಆ ಮೂವರ ಮುಖ ಇತ್ತು — ಅದನ್ನು ಕಣ್ಣಾರೆ ಕಂಡ ಮೇಲೆಯೇ ಹೇಳಿದೆ.

ಮಾನ್ವಿಯಲ್ಲಿ ನನ್ನದೊಂದು ಸ್ಟುಡಿಯೊ. ಕೆಲವು ವರ್ಷಗಳ ಹಿಂದೆ ಹತ್ತಿರದ ಹಳ್ಳಿಯ ದೊಡ್ಡ ಮನೆಯೊಂದರ ಮದುವೆಗೆ ಫೋಟೊ ತೆಗೆಯಲು ಹೋಗಿದ್ದೆ. ಪಾತ್ರೆ ತೊಳೆಯಲು ನಮ್ಮ ಕಡೆಯದೇ ಜಾಲಹಳ್ಳಿಯ ದುರುಗಮ್ಮ ತಮ್ಮ ಮಲ್ಲೇಶಿಯೊಡನೆ ಬಂದಿದ್ದಳು. ಹಸಿದ ಮಲ್ಲೇಶಿ ಬೀಗರ ಪಂಕ್ತಿಯಲ್ಲಿ ಊಟಕ್ಕೆ ಕೂತ. ಅಷ್ಟೇ ಅವನ ತಪ್ಪು! ಮದುಮಗನ ಸೋದರಮಾವನೂ ಇನ್ನಿಬ್ಬರೂ ಅವನನ್ನು ತಗಡಿನ ಶೆಡ್ಡಿಗೆ ಎಳೆದೊಯ್ದು ಬಡಿಗೆಯಿಂದ ಬಡಿದರು. ಒಂದು ಕಣ್ಣು ಹೋಯಿತು. ಕುಡಿದು ಕಲ್ಲಿನ ಮೇಲೆ ಬಿದ್ದನೆಂದು ಊರೇ ಹೇಳಿತು — ಉಂಡು ಕೈ ತೊಳೆದ ಊರು!

ಆಗ ನಾನು ಅಂಗಳದಲ್ಲಿ ಮದುಮಕ್ಕಳ ಫೋಟೊ ತೆಗೆಯುತ್ತಿದ್ದೆ. ಹಿಂದೆ ಶೆಡ್ಡು; ಮಧ್ಯಾಹ್ನದ ಬಿಸಿಲಿಗೆ ಅದರ ಒಳಗೆಲ್ಲ ಕಪ್ಪು. ಆದರೆ ಕ್ಯಾಮೆರಾದ ಮೂಲ ಫೈಲಿನಲ್ಲಿ, ಕಣ್ಣಿಗೆ ಕಪ್ಪೆನಿಸುವಲ್ಲೂ ನೂರಾರು ಛಾಯೆಗಳು ಉಳಿದಿರುತ್ತವೆ. ಅವನ್ನು ಕಳೆಯದೆ ಹದಿನಾರು ಬಿಟ್‌ನ ಸೂಕ್ಷ್ಮತೆಯಲ್ಲಿ ತಿದ್ದುವ ತಂತ್ರಾಂಶ ನನ್ನಲ್ಲಿತ್ತು — ಯಾರ್ಯಾರೋ ಸೇರಿ ಬರೆದು, ಏನನ್ನೂ ಮುಚ್ಚಿಡದೆ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಅದರಲ್ಲಿ ತೆರೆದು ನೆರಳನ್ನು ಬೆಳಗಿಸಿದೆ. ಬಡಿಗೆ ಕಂಡಿತು. ಮೂರು ಮುಖ ಕಂಡವು.

ಸ್ಟುಡಿಯೊಗೆ ಮೊದಲು ಮದುಮಗನ ಸೋದರಮಾವ ಬಂದ. "ಶೆಡ್ಡಿನ್ಯಾಗ ಏನೂ ಕಾಣಬಾರದು ನೋಡು," ಅಂದ. ಆಮೇಲೆ, ಪೊಲೀಸರಿಗೆ ದೂರು ಕೊಟ್ಟಿದ್ದ ದುರುಗಮ್ಮ ಬಂದಳು.

"ಯಣ್ಣಾ, ನಿಮ್ಮ ಫೋಟೊದಾಗ ಅವರು ಬಂದಾರೇನ್ರಿ?"

"ಬರೇ ಕತ್ತಲ ಅದವ್ವಾ," ಎಂದೆ. ಬೇಕೆಂದೇ ಇನ್ನಷ್ಟು ಕಪ್ಪು ಮಾಡಿದ ಪ್ರಿಂಟನ್ನು ಕೈಗಿಟ್ಟೆ. ಸಾಕ್ಷಿಯಿಲ್ಲದೆ ಕೇಸು ಬಿದ್ದುಹೋಯಿತು.

ಹೆದರಿದ್ದೆನೇ? ಹೌದು. ಆದರೆ — ಇಲ್ಲ, ಆ 'ಆದರೆ' ಬೇಡ.

ಹೋದ ತಿಂಗಳು ಅದೇ ಸೋದರಮಾವ ಚುನಾವಣೆಯ ಬ್ಯಾನರಿಗೆ ಫೋಟೊ ತೆಗೆಸಲು ಬಂದ. ಕಾಲ ಮೇಲೆ ಕಾಲು ಹಾಕಿ ಕೂತು, ಮುಖ ಸವರಿಕೊಳ್ಳುತ್ತ, "ಮಾರಿ ಚೂರು ಬೆಳ್ಳಗ ಮಾಡು ಲೇ," ಅಂದ. ಮೈಯೆಲ್ಲ ಉರಿದುಹೋಯಿತು. ಎಷ್ಟು ಸೊಕ್ಕು! ಆ ಸೊಕ್ಕನ್ನು ಇಷ್ಟು ವರ್ಷ ಸಾಕಿದವನು ಯಾರು — ನಾನಲ್ಲವೇ? ಎದ್ದು ಹೋಗೆಂದು ಬಾಗಿಲು ತೋರಿಸಿದೆ.

ಬೆಳಗಿಸಿದ ಪ್ರಿಂಟು ಹಿಡಿದು ಜಾಲಹಳ್ಳಿಗೆ ಹೋದೆ. ದುರುಗಮ್ಮ ಬಹಳ ಹೊತ್ತು ನೋಡಿದಳು.

"ಆವಾಗ ಇದು ನಿಮಗ ಕಂಡಿತ್ತೇನ್ರಿ?"

"ಕಂಡಿತ್ತು."

ಮಲ್ಲೇಶಿ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ. ಅವನತ್ತ ನೋಡಲಾಗಲಿಲ್ಲ.

"ಹಂಗಾದ್ರ ನಮಗ್ಯಾಕ ಹೇಳಾಕತ್ತೀರಿ? ನಮಗ ಗೊತ್ತಿದ್ದದ್ದೇ ಅದ. ಹೇಳಬೇಕಾದಲ್ಲಿ ಹೋಗಿ ಹೇಳ್ರಿ."

ಹೇಳಲು ಪೊಲೀಸ್ ಠಾಣೆಗೆ ಹೊರಟಿದ್ದೇನೆ. ಅವರು ಮಾಡಿದ್ದನ್ನಷ್ಟೇ ಅಲ್ಲ — ಕಂಡೂ ನಾನು ಮುಚ್ಚಿಟ್ಟದ್ದನ್ನು.